ಕೋಟು ತೊಡುವ ಮುನ್ನ

ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಡೆ ಮೊಣಕಾಲಿನವರೆಗೆ ಎತ್ತಿ ಕಟ್ಟಿದ ಪಂಚೆಯನ್ನು, ಹಿರಿಯರು ಎದುರಾದೊಡನೆ ಇಳಿಬಿಡುವುದನ್ನು ನೀವು ನೋಡಿದ್ದೀರಿ. ಯಾರೂ ಪಾಠ ಹೇಳದೆ ಬಂದ ಮರ್ಯಾದೆ ಇದು. ಸೂಟಿನ ಶಿಷ್ಟಾಚಾರವೂ ಇದೇ ಬಗೆಯದು. ಎದ್ದು ನಿಂತಾಗ ಕೋಟಿನ ಗುಂಡಿ ಹಾಕಬೇಕು, ಕುಳಿತಾಗ ಬಿಚ್ಚಬೇಕು. ಎರಡು ಗುಂಡಿಯ ಕೋಟಾದರೆ ಮೇಲಿನದು, ಮೂರಾದರೆ ನಡುವಿನದು. ಕೆಳಗಿನದು ಯಾವಾಗಲೂ ತೆರೆದಿರಲಿ.

ಅಳತೆಯಲ್ಲಿ ಮೊದಲು ನೋಡಬೇಕಾದದ್ದು ಭುಜ. ಕೋಟಿನ ಹೊಲಿಗೆ ನಿಮ್ಮ ಭುಜ ಮುಗಿಯುವಲ್ಲೇ ಮುಗಿಯಬೇಕು. ತೋಳು, ಸೊಂಟವನ್ನು ದರ್ಜಿ ಸರಿಪಡಿಸಬಲ್ಲ. ಭುಜವನ್ನು ಸರಿಪಡಿಸುವುದು ಬಲು ಕಷ್ಟ. ಅಂಗಿಯ ತೋಳು ಕೋಟಿನಿಂದ ಸುಮಾರು ಅರ್ಧ ಅಂಗುಲ ಹೊರಗೆ ಕಾಣಲಿ. ಟೈಯಿನ ತುದಿ ಬೆಲ್ಟಿನ ಬಕ್ಕಲನ್ನು ಮುಟ್ಟಲಿ. ಬೆಲ್ಟು, ಬೂಟು ಒಂದೇ ಬಣ್ಣದವಾಗಿರಲಿ. ಹೊಸ ಕೋಟಿನ ತೋಳಿನ ಮೇಲಿರುವ ಕಂಪನಿಯ ಪಟ್ಟಿಯನ್ನೂ, ಹಿಂಬದಿಯ ಸೀಳಿಗೆ ಹಾಕಿದ ಕಚ್ಚಾ ಹೊಲಿಗೆಯನ್ನೂ ಬಿಚ್ಚಿ ತೆಗೆಯಿರಿ, ಅವು ಅಲಂಕಾರವಲ್ಲ. ಟೈ ಬೇಡವೆನ್ನುವವರಿಗೆ ಕತ್ತಿನವರೆಗೆ ಗುಂಡಿಯಿರುವ ಬಂದ್‌ಗಲಾ ಕೋಟು ಇದೆ. ಸರಕಾರಿ ಸಮಾರಂಭಗಳಲ್ಲೂ ಅದು ಒಪ್ಪಿತ ಉಡುಪು.

ನಮ್ಮ ಕರಾವಳಿಯ ಹವೆ ತೇವದ್ದು. ಮಳೆಗಾಲದಲ್ಲಿ ಪ್ಲಾಸ್ಟಿಕ್ ಚೀಲದೊಳಗೆ ಮುಚ್ಚಿಟ್ಟ ಕೋಟಿಗೆ ಬೂಷ್ಟು ಹಿಡಿಯುತ್ತದೆ. ಗಾಳಿಯಾಡುವ ಹತ್ತಿಯ ಚೀಲದಲ್ಲಿಡಿ. ಬಿಸಿಲು ಬಂದ ದಿನ ನೆರಳಿನಲ್ಲಿ ಹರವಿ.

ಸಂದರ್ಶನಕ್ಕೆ ಹೊರಟಿದ್ದೀರಿ, ಮನೆಯಲ್ಲಿ ಕೋಟಿಲ್ಲವೇ? ಅದಕ್ಕಾಗಿ ಸಾಲ ಮಾಡಬೇಡಿ. ಎರವಲು ತಂದ ಕೋಟು ಭುಜದಿಂದ ಜಾರುತ್ತಿದ್ದರೆ ಉತ್ತರದ ಕಡೆ ಮನಸ್ಸು ನಿಲ್ಲದು. ಇಸ್ತ್ರಿ ಮಾಡಿದ ತಿಳಿಬಣ್ಣದ ಅಂಗಿ, ಗಾಢ ಬಣ್ಣದ ಪ್ಯಾಂಟು, ಪಾಲಿಶ್ ಮಾಡಿದ ಬೂಟು, ಹೆಚ್ಚಿನ ಕಡೆ ಇಷ್ಟು ಸಾಕು. ಹಿರಿಯರೆದುರು ಪಂಚೆ ಇಳಿಬಿಟ್ಟವನನ್ನು ಅದರ ಬೆಲೆ ಎಷ್ಟೆಂದು ಯಾರೂ ಕೇಳುವುದಿಲ್ಲವಷ್ಟೆ?