ಸಂಬಳದಿಂದ ಬರುವ ದಾಸೋಹ: ಕೊಟ್ಟವರ ಹೆಸರು ಕೀರ್ದಿಯಲ್ಲಿರಲಿ

ಸುಗ್ಗಿ ಮುಗಿದು ಕಣದ ರಾಶಿ ಮನೆಗೆ ಸೇರಿದ ಮೇಲೆ ಜೋಳದ ಚೀಲ ಹೇರಿಕೊಂಡ ಚಕ್ಕಡಿಗಳು ಮಠದ ಅಂಗಳಕ್ಕೆ ಬರುತ್ತಿದ್ದುದನ್ನು ನಮ್ಮ ಓದುಗರಲ್ಲಿ ಹಿರಿಯರು ಕಂಡಿದ್ದಾರೆ. ಚೀಲ ಇಳಿಸಿದೊಡನೆ ಮಠದ ಕಾರಕೂನರು ಕೀರ್ದಿ ತೆರೆದು ಊರು, ಮನೆತನ, ಹೆಸರು, ಚೀಲಗಳ ಎಣಿಕೆ ಇಷ್ಟನ್ನೂ ಬರೆದುಕೊಳ್ಳುತ್ತಿದ್ದರು. ತಂದವನು ಪೂಜ್ಯರ ದರ್ಶನ ಪಡೆದು, ಪ್ರಸಾದ ಸ್ವೀಕರಿಸಿ ಊರಿಗೆ ಮರಳುತ್ತಿದ್ದನು. ನೆರೆಮನೆಯವರ ಚೀಲವನ್ನೂ ತನ್ನ ಚಕ್ಕಡಿಯಲ್ಲಿ ತಂದಿದ್ದರೆ "ಇದು ಇಂಥವರದು, ಅವರ ಹೆಸರಿಗೇ ಬರೆಯಿರಿ" ಎಂದು ಹೇಳಿ ಬರೆಯಿಸುತ್ತಿದ್ದನು. ಚಕ್ಕಡಿ ಹೊಡೆದುಕೊಂಡು ಬಂದವನನ್ನೇ ದಾನಿಯೆಂದು ತಿಳಿಯುವ ಪ್ರಮಾದ ಅಂದು ಸಾಧ್ಯವಿರಲಿಲ್ಲ.

ಇಂದು ಆ ಪ್ರಮಾದ ನಿತ್ಯದ ಸಂಗತಿಯಾಗುತ್ತಿದೆ. ಅದೇ ರೈತರ ಮಕ್ಕಳು, ಮೊಮ್ಮಕ್ಕಳು ಬೆಂಗಳೂರು, ಪುಣೆ, ಹೈದರಾಬಾದುಗಳ ಕಂಪನಿಗಳಲ್ಲಿ ದುಡಿಯುತ್ತಿದ್ದಾರೆ. ತಿಂಗಳ ಸಂಬಳದಿಂದ ಇನ್ನೂರೋ ಐನೂರೋ ರೂಪಾಯಿ ತಾನಾಗಿ ಕಡಿತವಾಗಿ ತಾವು ಆರಿಸಿದ ಸಂಸ್ಥೆಗೆ ಸೇರಲೆಂದು ಒಪ್ಪಿಗೆ ಕೊಡುತ್ತಾರೆ. ಕಂಪನಿ ಆ ಹಣವನ್ನು ಒಟ್ಟುಗೂಡಿಸಿ ಗಿವ್ ಇಂಡಿಯಾ, ಯುನೈಟೆಡ್ ವೇ ಮೊದಲಾದ ಮಧ್ಯವರ್ತಿ ಸಂಸ್ಥೆಗಳಿಗೆ ಒಪ್ಪಿಸುತ್ತದೆ. ಅಲ್ಲಿಂದ ಅದು ಪ್ರಸಾದ ನಿಲಯದ ಬ್ಯಾಂಕ್ ಖಾತೆಗೆ ಒಂದೇ ಮೊತ್ತವಾಗಿ ಜಮಾ ಆಗುತ್ತದೆ. ಪಾಸ್‌ಬುಕ್ಕಿನಲ್ಲಿ ಕಾಣುವುದು ಒಂದು ಸಾಲು, ಒಂದು ಸಂಖ್ಯೆ, ಮಧ್ಯವರ್ತಿಯ ಹೆಸರು. ಕೊಟ್ಟ ನಲವತ್ತು ಜನ ಆ ಸಾಲಿನ ಹಿಂದೆ ಮರೆಯಾಗಿರುತ್ತಾರೆ.

ಹಲವರು ಕೂಡಿ ಒಂದು ಕೈಯಿಂದ ಕೊಡುವ ಪದ್ಧತಿ ನಮ್ಮ ನಾಡಿಗೆ ಹೊಸದಲ್ಲ. ಅಯ್ಯಾವೊಳೆಯ ಐನೂರ್ವರಂತಹ ವರ್ತಕ ಸಂಘಗಳು ವೀಳ್ಯದೆಲೆಯ ಹೇರಿಗೆ ಇಷ್ಟು, ಅಡಕೆಯ ಹೇರಿಗೆ ಇಷ್ಟು, ಗಾಣಕ್ಕೆ ಇಷ್ಟು ಎಣ್ಣೆ ಎಂದು ಧರ್ಮಕಾರ್ಯಕ್ಕೆ ಬಿಟ್ಟುಕೊಟ್ಟುದನ್ನು ಕನ್ನಡ ನಾಡಿನ ಶಾಸನಗಳು ಮತ್ತೆ ಮತ್ತೆ ಹೇಳುತ್ತವೆ. ಕೊಟ್ಟವರಾರು, ಯಾವ ಸರಕಿನ ಮೇಲೆ, ಎಷ್ಟು, ಯಾವ ಕಾರ್ಯಕ್ಕೆ, ಯಾರ ಕೈಗೆ ಒಪ್ಪಿಸಿದರು ಎಂಬುದು ಅಲ್ಲಿ ಬಿಡಿಬಿಡಿಯಾಗಿ ಕೆತ್ತಲ್ಪಟ್ಟಿದೆ. ಪಾಶ್ಚಾತ್ಯರಲ್ಲಿಯೂ ಇಂಥ ಕೂಡುನಿಧಿಯ ಮೂಲದಲ್ಲಿ ಧರ್ಮಗುರುಗಳೇ ಇದ್ದರು. ಅಮೆರಿಕದ ಡೆನ್ವರ್ ನಗರದಲ್ಲಿ 1887ರಲ್ಲಿ ಅಂಥ ಕೆಲವರು ಕೂಡಿ ಊರಿನ ಹಲವು ಸೇವಾಸಂಸ್ಥೆಗಳಿಗಾಗಿ ಒಂದೇ ವಂತಿಗೆ ಎತ್ತಲು ತೊಡಗಿದುದನ್ನೇ ಯುನೈಟೆಡ್ ವೇ ತನ್ನ ಆರಂಭವೆಂದು ಎಣಿಸುತ್ತದೆ.

ದಾಸೋಹಕ್ಕೆ ಲೆಕ್ಕವೇಕೆ, ಹೆಸರೇಕೆ ಎಂದು ಕೇಳುವ ಶರಣಬಂಧುಗಳಿದ್ದಾರೆ. "ನಾನು ಕೊಟ್ಟೆ" ಎಂಬ ಭಾವ ಅಳಿದಾಗಲೇ ದಾನವು ದಾಸೋಹವಾಗುವುದೆಂಬುದು ಶರಣರ ನಿಲುವು. ಅದನ್ನು ನಾವೂ ಒಪ್ಪುತ್ತೇವೆ. ಆದರೆ ಮರೆಯಬೇಕಾದವನು ಕೊಟ್ಟವನು. ಪಡೆದವನಿಗೆ ಆ ಸ್ವಾತಂತ್ರ್ಯವಿಲ್ಲ. ಬಿಜ್ಜಳನ ಭಂಡಾರಿಯಾಗಿದ್ದ ಬಸವಣ್ಣನವರ ಮೇಲೆ ಕೊಂಡೆಯರು ದೂರು ಹೇಳಿದಾಗ ಭಂಡಾರವನ್ನು ಎಣಿಸಿ ನೋಡಲಾಯಿತೆಂದೂ ಕೊರತೆ ಕಾಣಲಿಲ್ಲವೆಂದೂ ಬಸವಪುರಾಣದ ಪರಂಪರೆ ಹೇಳುತ್ತದೆ. ಆ ಪ್ರಸಂಗದಲ್ಲಿ ಪವಾಡವನ್ನಷ್ಟೇ ಕಾಣುವವರು ಎಣಿಕೆಗೆ ತಮ್ಮನ್ನು ಒಡ್ಡಿಕೊಂಡ ಭಂಡಾರಿಯನ್ನು ಕಾಣುವುದಿಲ್ಲ. 1906ರಲ್ಲಿ ಲಿಂಗೈಕ್ಯರಾದ ಸಿರಸಂಗಿ ಲಿಂಗರಾಜ ದೇಸಾಯಿಯವರ ತ್ಯಾಗವನ್ನು ಇಂದಿಗೂ ನಾವು ಸ್ಮರಿಸಲು ಸಾಧ್ಯವಾಗಿರುವುದು ಅವರು ತಮ್ಮ ಆಸ್ತಿಯನ್ನು ಮೃತ್ಯುಪತ್ರದಲ್ಲಿ ಬರೆದು ವಿದ್ಯಾರ್ಜನೆಯ ಕಾರ್ಯಕ್ಕೆ ಮೀಸಲಿಟ್ಟುದರಿಂದ.

ಉತ್ತರ ಕರ್ನಾಟಕದ ಒಂದು ಪ್ರಸಾದ ನಿಲಯದ ಲೆಕ್ಕಗಳನ್ನು ಕೆಲವು ವರ್ಷಗಳ ಹಿಂದೆ ನಾವು ಕುಳಿತು ನೋಡುವ ಪ್ರಸಂಗ ಬಂದಿತು. ಅಲ್ಲಿ ಒಂದು ಕಂಪನಿಯ ಹೆಸರಿನಲ್ಲಿ ತಿಂಗಳು ತಿಂಗಳಿಗೂ ಹಣ ಜಮಾ ಆಗಿತ್ತು. ಜಾತ್ರೆಯ ದಿನ ಆ ಕಂಪನಿಯ ಅಧಿಕಾರಿಯೊಬ್ಬರನ್ನು ಕರೆಯಿಸಿ, ಶಾಲು ಹೊದಿಸಿ, ಫಲತಾಂಬೂಲವಿತ್ತು ಸನ್ಮಾನಿಸಿದ್ದೂ ಆಗಿತ್ತು. ಮಧ್ಯವರ್ತಿ ಸಂಸ್ಥೆಯಿಂದ ವಿವರಪಟ್ಟಿ ತರಿಸಿ ನೋಡಿದಾಗ ತಿಳಿದುದು ಬೇರೆ: ಅದು ಕಂಪನಿಯ ಹಣವೇ ಆಗಿರಲಿಲ್ಲ. ಅಷ್ಟೂ ನೌಕರರ ಸಂಬಳದ್ದು. ಪಟ್ಟಿಯಲ್ಲಿದ್ದ ಒಂದು ಹೆಸರನ್ನು ಕಂಡು ನಿಲಯದ ಅಡುಗೆಯ ಹಿರಿಯರು, "ಈ ಹುಡುಗ ಇಲ್ಲೇ ಉಂಡು ಬೆಳೆದವನಲ್ಲವೇ!" ಎಂದರು. ಐದು ವರ್ಷ ಆ ನಿಲಯದಲ್ಲಿ ಓದಿದವನು ತಿಂಗಳಿಗೆ ಮುನ್ನೂರು ರೂಪಾಯಿ ಕಳಿಸುತ್ತಲೇ ಇದ್ದನು. ನಿಲಯಕ್ಕೆ ಅದು ಗೊತ್ತಿರಲಿಲ್ಲ. ಆತನಿಗೆ ಒಂದು ಓಲೆಯೂ ಹೋಗಿರಲಿಲ್ಲ. ಪಟ್ಟಿಯ ಕೊನೆಯ ತಿಂಗಳುಗಳಲ್ಲಿ ಆತನ ಹೆಸರು ಇರಲಿಲ್ಲ.

ಆತ ನಿಲ್ಲಿಸಿದ್ದು ಬೇಸರದಿಂದಲೋ, ಕೆಲಸ ಬದಲಾಯಿಸಿದ್ದರಿಂದಲೋ ನಾವು ಊಹಿಸಲಾರೆವು. ಕೇಳಿ ತಿಳಿಯುವ ಮಾರ್ಗವನ್ನೇ ಆ ಸಂಸ್ಥೆ ಇಟ್ಟುಕೊಂಡಿರಲಿಲ್ಲ ಎಂಬುದು ನಮ್ಮ ಕೊರಗು.

ಇನ್ನು ಬರೆಯುವ ಕ್ರಮಕ್ಕೆ ಬರೋಣ. ಒಂದು ಕಂಪನಿಯ 40 ನೌಕರರು ತಲಾ 500 ರೂಪಾಯಿಯಂತೆ ತಿಂಗಳಿಗೆ 20,000 ರೂಪಾಯಿ ಕೊಡುತ್ತಾರೆಂದು ತಿಳಿಯೋಣ. ಕಂಪನಿಯು ಅಷ್ಟೇ ಮೊತ್ತವನ್ನು ತನ್ನ ಪಾಲಿನಿಂದ ಸೇರಿಸುತ್ತದೆ. ಒಟ್ಟು 40,000. ಮಧ್ಯವರ್ತಿ ಸಂಸ್ಥೆ ತನ್ನ ಸೇವಾಶುಲ್ಕವೆಂದು 2,000 ಹಿಡಿದುಕೊಂಡು 38,000 ರೂಪಾಯಿಯನ್ನು ನಿಲಯದ ಖಾತೆಗೆ ಕಳಿಸುತ್ತದೆ. ನಮ್ಮ ಗುಮಾಸ್ತರು "ಕಂಪನಿಯಿಂದ ದಾನ 38,000" ಎಂದು ಬರೆದು ಮುಗಿಸುತ್ತಾರೆ. ಈ ಒಂದು ಸಾಲಿನಲ್ಲಿ ಮೂರು ತಪ್ಪುಗಳಿವೆ: ನಲವತ್ತು ದಾನಿಗಳು ಅಳಿಸಿಹೋದರು, ಕಂಪನಿಗೆ ತಾನು ಕೊಡದ ಹಣದ ಕೀರ್ತಿ ಬಂದಿತು, ಖರ್ಚಾದ 2,000 ರೂಪಾಯಿ ಎಲ್ಲಿಯೂ ಕಾಣದಾಯಿತು. ಮಧ್ಯವರ್ತಿಯು ಕೇವಲ ಹಣ ತಲುಪಿಸುವ ಕೈಯಾಗಿದ್ದ ಪಕ್ಷದಲ್ಲಿ ನೌಕರರ 20,000 ಅವರವರ ಹೆಸರಿಗೆ, ಉಳಿದ 20,000 ಕಂಪನಿಯ ಇಲ್ಲವೇ ಅದರ ಪ್ರತಿಷ್ಠಾನದ ಹೆಸರಿಗೆ ಜಮಾ ಆಗಬೇಕು. ಶುಲ್ಕದ 2,000 ಖರ್ಚಿನಲ್ಲಿ ಬರಬೇಕು. ಸಂಬಳದಿಂದ ಕಡಿತವಾದ ತಿಂಗಳು, ನಮ್ಮ ಖಾತೆಗೆ ಹಣ ಬಂದ ದಿನಾಂಕ ಎರಡನ್ನೂ ಬರೆಯತಕ್ಕದ್ದು. ಮಾರ್ಚಿಯಲ್ಲಿ ಕಡಿತವಾದುದು ಏಪ್ರಿಲ್ಲಿನಲ್ಲಿ ಬಂದರೆ ವರ್ಷವೇ ಬದಲಾಗಿಬಿಡುತ್ತದೆ. ತಕರಾರು ಹುಟ್ಟುವುದು ಹೆಚ್ಚಾಗಿ ಇಲ್ಲಿಯೇ.

ರಸೀದಿಯ ವಿಷಯ ಇದಕ್ಕಿಂತ ಸೂಕ್ಷ್ಮವಾದುದು. ಕೆಲವು ಮಧ್ಯವರ್ತಿಗಳು ತಾವೇ ನೋಂದಾಯಿತ ಧರ್ಮಸಂಸ್ಥೆಗಳಾಗಿದ್ದು, ದಾನವನ್ನು ತಮ್ಮ ಹೆಸರಿನಲ್ಲಿ ಸ್ವೀಕರಿಸಿ, ತೆರಿಗೆ ವಿನಾಯಿತಿಯ ರಸೀದಿಯನ್ನು ತಾವೇ ನೌಕರನಿಗೆ ಕೊಟ್ಟು, ಬಳಿಕ ಹಣವನ್ನು ನಮಗೆ ಅನುದಾನವಾಗಿ ಕಳಿಸುತ್ತವೆ. ಅಲ್ಲಿ ನಮ್ಮ ಪಾಲಿಗೆ ಕಾನೂನಿನ ದಾನಿ ಆ ಸಂಸ್ಥೆಯೇ. ನೌಕರನಿಗೆ ನಾವು ಕೃತಜ್ಞತೆಯ ಪತ್ರ ಬರೆಯಬೇಕೇ ಹೊರತು ಮತ್ತೊಂದು ತೆರಿಗೆ ರಸೀದಿ ಕೊಡಕೂಡದು. ಒಂದೇ ದಾನಕ್ಕೆ ಎರಡು ರಸೀದಿ ಹುಟ್ಟಿದರೆ ಸದ್ಭಾವನೆಯಿಂದ ಕೊಟ್ಟವನನ್ನೇ ನಾವು ಇಕ್ಕಟ್ಟಿಗೆ ಸಿಲುಕಿಸಿದಂತೆ. ಆದುದರಿಂದ ಮೊದಲ ಹಣ ಬಂದಾಗಲೇ ಮಧ್ಯವರ್ತಿಯನ್ನು ಪತ್ರಮುಖೇನ ಕೇಳಬೇಕು: ರಸೀದಿ ನೀವು ಕೊಡುವಿರೋ, ನಾವು ಕೊಡಬೇಕೋ? ಉತ್ತರವನ್ನು ಕಡತದಲ್ಲಿಡಬೇಕು. ಪ್ರಧಾನಮಂತ್ರಿಗಳ ಪರಿಹಾರ ನಿಧಿಯಂತಹ ಸರ್ಕಾರಿ ನಿಧಿಗಳಿಗೆ ನೌಕರರು ಕಚೇರಿಯ ಮೂಲಕ ಕೊಟ್ಟುದಕ್ಕೆ ಕಚೇರಿಯ ಪ್ರಮಾಣಪತ್ರವೇ ಸಾಕೆಂದು 2005ರಲ್ಲಿ ಕೇಂದ್ರ ನೇರ ತೆರಿಗೆಗಳ ಮಂಡಳಿ ಸುತ್ತೋಲೆ ಹೊರಡಿಸಿತ್ತು. ಆ ಅನುಕೂಲವನ್ನು ನಮ್ಮ ಟ್ರಸ್ಟುಗಳಿಗೂ ಅನ್ವಯಿಸಿಕೊಳ್ಳುವ ವಾಡಿಕೆ ಕೆಲವೆಡೆ ಉಂಟು, ಅದು ಸರಿಯಲ್ಲ.

ಹಿಂದೆ ರಸೀದಿ ಪುಸ್ತಕವೊಂದಿದ್ದರೆ ಸಾಕಾಗಿತ್ತು. 2021-22ನೇ ಆರ್ಥಿಕ ವರ್ಷದಿಂದ ಹಾಗಿಲ್ಲ. 1961ರ ಆದಾಯ ತೆರಿಗೆ ಕಾಯ್ದೆಯ 80ಜಿ ಕಲಮಿನ ಮಾನ್ಯತೆ ಪಡೆದ ಸಂಸ್ಥೆಯು ಪ್ರತಿಯೊಬ್ಬ ದಾನಿಯ ಹೆಸರು, ವಿಳಾಸ, ಪ್ಯಾನ್ ಅಥವಾ ಆಧಾರ್‌ನಂತಹ ಗುರುತಿನ ಸಂಖ್ಯೆ, ಮೊತ್ತ ಇವನ್ನು 10ಬಿಡಿ ಎಂಬ ನಮೂನೆಯಲ್ಲಿ ಆರ್ಥಿಕ ವರ್ಷ ಮುಗಿದ ಮೇಲೆ ಮೇ 31ರೊಳಗೆ ಸಲ್ಲಿಸಿ, ದಾನಿಗೆ 10ಬಿಇ ಎಂಬ ಪ್ರಮಾಣಪತ್ರ ಕೊಡಬೇಕೆಂಬ ಏರ್ಪಾಡು ಬಂದಿತು. ತಡವಾದರೆ ದಿನಕ್ಕೆ 200 ರೂಪಾಯಿ ಶುಲ್ಕವನ್ನೂ ಗೊತ್ತುಪಡಿಸಲಾಯಿತು. 2025ರ ಹೊಸ ಆದಾಯ ತೆರಿಗೆ ಕಾಯ್ದೆಯು 2026ರ ಏಪ್ರಿಲ್ 1ರಿಂದ ಆಚರಣೆಗೆಂದು ಗೊತ್ತಾಗಿರುವುದರಿಂದ ಕಲಮು, ನಮೂನೆಗಳ ಸಂಖ್ಯೆಗಳನ್ನು ತಮ್ಮ ಲೆಕ್ಕಪರಿಶೋಧಕರಲ್ಲಿ ಕೇಳಿ ಖಚಿತಪಡಿಸಿಕೊಳ್ಳಬೇಕು. ಹೆಸರು ವಿಳಾಸಗಳಿಲ್ಲದ ಮೊತ್ತವನ್ನು ಇಟ್ಟುಕೊಳ್ಳುವುದರಲ್ಲಿ ಇನ್ನೊಂದು ಅಪಾಯವಿದೆ. ಅಂತಹ ಅನಾಮಧೇಯ ದಾನಗಳು ಒಂದು ಮಿತಿ ಮೀರಿದರೆ ಶೇಕಡಾ 30ರ ತೆರಿಗೆ ಎಂಬ ಕಟ್ಟಳೆ 2006ರಲ್ಲಿಯೇ ಕಾಯ್ದೆಗೆ ಸೇರಿತು. ಪೂರ್ಣ ಧಾರ್ಮಿಕ ಸಂಸ್ಥೆಗಳಿಗೆ ಅದರಿಂದ ವಿನಾಯಿತಿ ಇಟ್ಟರೂ ಮಠದ ಆಶ್ರಯದ ಶಾಲೆ, ಆಸ್ಪತ್ರೆಗಳಿಗೆಂದೇ ಬಂದ ಹಣಕ್ಕೆ ಆ ರಕ್ಷಣೆ ಕೊಡಲಿಲ್ಲ. ಮಕ್ಕಳ ಅನ್ನದ ಮೂರನೆಯ ಒಂದು ಪಾಲಿನಷ್ಟು ತೆರಿಗೆಗೆ ಹೋಗುವುದನ್ನು ಯಾವ ದಾನಿ ತಾನೇ ಬಯಸಿಯಾನು?

ತನ್ನ ಹೆಸರು ಸಾರಬೇಡಿರೆಂಬವನು ಅನಾಮಧೇಯನಲ್ಲ ಎಂಬುದನ್ನೂ ತಿಳಿಯಬೇಕು. ಅವನ ಹೆಸರು ಪುಸ್ತಕದಲ್ಲಿರಲಿ, ಗೋಡೆಯ ಮೇಲೆ ಬೇಡ. ಪ್ಯಾನ್ ಸಂಖ್ಯೆಗಳಿರುವ ಪಟ್ಟಿಯನ್ನು ಕಚೇರಿಯ ಮೇಜಿನ ಮೇಲೆ ಬಿಟ್ಟು ಹೋಗುವುದನ್ನು ಒಂದಕ್ಕಿಂತ ಹೆಚ್ಚು ಕಡೆ ನೋಡಿದ್ದೇವೆ. ಅದು ಬೀಗದ ಕಪಾಟಿನಲ್ಲಿ ಇರಬೇಕಾದ ವಸ್ತು.

ಹೊಸ ತೆರಿಗೆ ಪದ್ಧತಿಯನ್ನು ಆಯ್ದುಕೊಂಡ ನೌಕರರಿಗೆ 80ಜಿ ಕಡಿತ ದೊರೆಯುವುದಿಲ್ಲ. ಅವರಿಗೆ ರಸೀದಿಯಿಂದ ಒಂದು ಪೈಸೆಯ ಲಾಭವೂ ಇಲ್ಲ. ಆದರೂ ಕೊಡುತ್ತಿದ್ದಾರೆ. ಅಂತಹವರಿಗೆ ನಾವು ಸಲ್ಲಿಸಬಹುದಾದುದು ಪತ್ರವೊಂದೇ. ಆ ಪತ್ರ ಅಚ್ಚು ಹಾಕಿಸಿದ ಒಕ್ಕಣೆಯಾಗದೆ ಕನ್ನಡದಲ್ಲಿ, ಆತನ ಹೆಸರು ಹಿಡಿದು, ಈ ವರ್ಷ ನಿಲಯದಲ್ಲಿ ಎಷ್ಟು ಮಕ್ಕಳಿದ್ದರು, ಅಕ್ಕಿ ಜೋಳಕ್ಕೆ ಎಷ್ಟು ಖರ್ಚಾಯಿತು, ಹತ್ತನೆಯ ತರಗತಿಯಲ್ಲಿ ಎಷ್ಟು ಜನ ತೇರ್ಗಡೆಯಾದರು ಎಂಬುದನ್ನು ನಾಲ್ಕು ಸಾಲಿನಲ್ಲಿ ತಿಳಿಸಿದರೆ ಸಾಕು. ಅನ್ನದಾಸೋಹಕ್ಕೆಂದು ಕೊಟ್ಟ ಹಣ ಅನ್ನಕ್ಕೇ ಸಂದಿತೆಂದು ಅದರಲ್ಲಿರಲಿ. ಅದನ್ನು ರಥದ ದುರಸ್ತಿಗೆ ಬಳಸಿ ಸುಮ್ಮನಿರುವುದು ನಂಬಿಕೆಗೆ ದ್ರೋಹ. ಕಂಪನಿಯಲ್ಲಿ ತನ್ನ ಬಿಡುವಿನ ವೇಳೆ ಕಳೆದು ಸಹೋದ್ಯೋಗಿಗಳನ್ನು ಒಪ್ಪಿಸಿದವನೊಬ್ಬ ಇದ್ದೇ ಇರುತ್ತಾನೆ, ಅವನಿಗೂ ಒಂದು ಪತ್ರ. ತನ್ನ ಪಾಲು ಸೇರಿಸಿದ ಕಂಪನಿಗೆ ಸೇರಿಸಿದಷ್ಟಕ್ಕೆ.

ಹೊರದೇಶದ ಶರಣಬಂಧುಗಳು ತಮ್ಮ ಕಂಪನಿಯ ಮೂಲಕ ಕಳಿಸುವ ಹಣಕ್ಕೆ ವಿದೇಶಿ ದೇಣಿಗೆಯ ಕಾಯ್ದೆ ಅಡ್ಡ ಬರುತ್ತದೆ. ವಿದೇಶಿ ಸಂಸ್ಥೆಯಿಂದ ಬರುವ ಹಣವನ್ನು ಆ ಕಾಯ್ದೆಯ ನೋಂದಣಿಯುಳ್ಳ ಸಂಸ್ಥೆಯೇ ಸ್ವೀಕರಿಸಬೇಕು. 2020ರ ತಿದ್ದುಪಡಿಯ ಮೇಲೆ ಅದು ಮೊದಲು ದೆಹಲಿಯ ಭಾರತೀಯ ಸ್ಟೇಟ್ ಬ್ಯಾಂಕಿನ ಮುಖ್ಯ ಶಾಖೆಯಲ್ಲಿರುವ ಖಾತೆಗೇ ಬರಬೇಕಾಯಿತು. ಒಂದು ಸಂಸ್ಥೆ ಪಡೆದು ಇನ್ನೊಂದಕ್ಕೆ ವರ್ಗಾಯಿಸುವುದೂ ನಿಂತಿತು. ಸ್ಥಳೀಯ ಖಾತೆಯ ಸಂಖ್ಯೆಯನ್ನು ಅಭಿಮಾನದಿಂದ ಕಳಿಸಿಕೊಡುವ ಮುನ್ನ ವಿಚಾರಿಸಬೇಕು.

ಮನೆಯಲ್ಲಿ ಈ ಪತ್ರಿಕೆ ಓದುವ ತಂದೆತಾಯಿಗಳು ಪಟ್ಟಣದಲ್ಲಿರುವ ಮಕ್ಕಳಿಗೆ ಒಂದು ಮಾತು ತಿಳಿಸಬೇಕೆಂದು ಕೋರುತ್ತೇವೆ. ಕಂಪನಿಯ ದಾನಪತ್ರ ತುಂಬುವಾಗ ನಿಲಯದ ನೋಂದಾಯಿತ ಹೆಸರನ್ನು ಪೂರ್ಣವಾಗಿ ಬರೆಯಲಿ. ಒಂದೇ ಹೆಸರಿನ ಟ್ರಸ್ಟುಗಳು ನಮ್ಮಲ್ಲಿ ಹಲವು ಇವೆ. ಯಾವ ಕಾರ್ಯಕ್ಕೆ ಎಂಬುದನ್ನು ನಮೂದಿಸಲಿ. ತಮ್ಮ ಹೆಸರು ವಿಳಾಸಗಳನ್ನು ಸಂಸ್ಥೆಗೆ ತಿಳಿಸಬಹುದೇ ಎಂಬ ಪ್ರಶ್ನೆ ಆ ಪತ್ರದಲ್ಲಿದ್ದರೆ ಅದನ್ನು ಖಾಲಿ ಬಿಡದೆ ಹೌದೆಂದು ಗುರುತು ಹಾಕಲಿ. ಮಾರ್ಚಿ ತಿಂಗಳು ಬರುವ ಮುನ್ನ ನಿಲಯದ ಕಾರ್ಯದರ್ಶಿಗಳಿಗೆ ಒಂದು ಕಾಗದ ಬರೆದು, ವರ್ಷದಲ್ಲಿ ತಮ್ಮಿಂದ ಎಷ್ಟು ತಲುಪಿದೆಯೆಂದು ಕೇಳಲಿ.