ಪಾಚಿಗೆ ಬೂಷ್ಟಿನ ನೆರವು

ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನಲ್ಲಿ ಜಟಿಂಗ ರಾಮೇಶ್ವರ ಬೆಟ್ಟವಿದೆ. ರಾವಣನೊಡನೆ ಹೋರಾಡಿದ ಜಟಾಯು ಬಿದ್ದ ಸ್ಥಳವಿದೆಂದು ಜನರ ನಂಬಿಕೆ. ಇಲ್ಲಿಯ ಅಶೋಕನ ಶಾಸನವನ್ನು 1892ರಲ್ಲಿ ಬಿ. ಎಲ್. ರೈಸ್ ಅವರು ಬೆಳಕಿಗೆ ತಂದರು. ಇಂತಹ ಹೆಬ್ಬಂಡೆಗಳ ಮೇಲೆ ಬೂದು, ಹಸಿರು ಬಣ್ಣದ ತೇಪೆಗಳು ಅಂಟಿಕೊಂಡಿರುವುದನ್ನು ಎಲ್ಲರೂ ಕಂಡಿರುತ್ತಾರೆ. ಇವು ಕಲ್ಲಿನ ಕಲೆಗಳಲ್ಲ, ಜೀವಿಗಳು. ಅಡುಗೆಯ ಮಸಾಲೆಗೆ ಬಳಸುವ ಕಲ್ಲುಹೂವು ಇದೇ ವರ್ಗಕ್ಕೆ ಸೇರಿದೆ.

ಕಲ್ಲುಹೂವು ಒಂದೇ ಜೀವಿಯಂತೆ ಕಂಡರೂ ಅದು ಶಿಲೀಂಧ್ರ ಮತ್ತು ಪಾಚಿಗಳ ಕೂಡುಬಾಳು. ಪಾಚಿಯು ಬಿಸಿಲಿನಿಂದ ಆಹಾರವನ್ನು ತಯಾರಿಸುತ್ತದೆ. ಶಿಲೀಂಧ್ರವು ತನ್ನ ಎಳೆಗಳಿಂದ ಪಾಚಿಯನ್ನು ಸುತ್ತುವರಿದು ಆಸರೆ ಕೊಡುತ್ತದೆ. 1867ರಲ್ಲಿ ಸ್ವಿಟ್ಜರ್ಲೆಂಡಿನ ಸಸ್ಯವಿಜ್ಞಾನಿ ಸೈಮನ್ ಶ್ವೆಂಡನರ್ ಈ ಮಾತನ್ನು ಹೇಳಿದಾಗ ಅನೇಕ ವಿದ್ವಾಂಸರು ಒಪ್ಪಲಿಲ್ಲ. ಇಂದು ಇದೇ ಎರಡು ಜೀವಿಗಳ ಜೊತೆಯನ್ನು ವಿಜ್ಞಾನಿಗಳು ಇಂಧನದ ಕೆಲಸಕ್ಕೆ ಹೂಡಲು ಪ್ರಯತ್ನಿಸುತ್ತಿದ್ದಾರೆ.

ಎಣ್ಣೆಯಿಂದ ಎಂಜಿನ್ ಓಡಿಸುವ ವಿಚಾರ ಹೊಸದಲ್ಲ. 1900ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ ಒಂದು ಡೀಸೆಲ್ ಎಂಜಿನ್ ಶೇಂಗಾ ಎಣ್ಣೆಯಿಂದ ಓಡಿತು. ಜಟಿಂಗ ರಾಮೇಶ್ವರದ ನೆರೆಯ ಚಳ್ಳಕೆರೆಯು ಶೇಂಗಾ ಬೆಳೆಗೂ ಎಣ್ಣೆ ಗಿರಣಿಗಳಿಗೂ ಹೆಸರಾದ ಊರು. ಆದರೆ ಮಳೆಯನ್ನು ನಂಬಿದ ಈ ಬಯಲುಸೀಮೆಯ ಶೇಂಗಾ ಮೊದಲು ಸೇರಬೇಕಾದುದು ಅಡುಗೆಮನೆಗೆ. ಉಣ್ಣುವ ಎಣ್ಣೆಯನ್ನು ಉರಿಸುವುದು ಜಾಣತನವಲ್ಲ. ಆದ್ದರಿಂದಲೇ ವಿಜ್ಞಾನಿಗಳ ದೃಷ್ಟಿ ಸೂಕ್ಷ್ಮ ಪಾಚಿಗಳತ್ತ ಹರಿಯಿತು. ಅವುಗಳಿಗೆ ಫಲವತ್ತಾದ ಹೊಲ ಬೇಕಿಲ್ಲ. ಚರಂಡಿಯ ನೀರಿನಲ್ಲಿಯೂ ಕೆಲವು ಜಾತಿಗಳು ಬೆಳೆಯುತ್ತವೆ. ಕೆಲವು ಪಾಚಿಗಳ ಒಣತೂಕದಲ್ಲಿ ಐದನೆಯ ಒಂದು ಭಾಗಕ್ಕಿಂತಲೂ ಹೆಚ್ಚು ಎಣ್ಣೆಯಿರುತ್ತದೆ.

ಬೆಳೆಸುವುದಕ್ಕಿಂತ ಕೊಯ್ಲು ಮಾಡುವುದೇ ಕಷ್ಟ. ಒಂದು ಪಾಚಿಕಣವು ಮಿಲಿಮೀಟರಿನ ನೂರನೆಯ ಒಂದು ಭಾಗದಷ್ಟೂ ಇರದಿರಬಹುದು. ತೆರೆದ ಕೊಳದ ಒಂದು ಲೀಟರು ನೀರಿನಲ್ಲಿ ಸಾಮಾನ್ಯವಾಗಿ ದೊರೆಯುವುದು ಒಂದು ಗ್ರಾಂ ಅಥವಾ ಅದಕ್ಕಿಂತಲೂ ಕಡಿಮೆ ಪಾಚಿ. ಎಂದರೆ ಒಂದು ಕಿಲೋಗ್ರಾಂ ಒಣಪಾಚಿಗಾಗಿ ಸಾವಿರ ಲೀಟರಿಗೂ ಹೆಚ್ಚು ನೀರನ್ನು ಬೇರ್ಪಡಿಸಬೇಕು. ಪಾಚಿಕಣಗಳೆಲ್ಲ ಋಣ ವಿದ್ಯುದಂಶವನ್ನು ಹೊಂದಿದ್ದು ಒಂದನ್ನೊಂದು ದೂರ ತಳ್ಳುವುದರಿಂದ ಬೇಗನೆ ತಳಕ್ಕೂ ಇಳಿಯವು. ವೇಗವಾಗಿ ತಿರುಗುವ ಯಂತ್ರದಿಂದ ಅವುಗಳನ್ನು ಬೇರ್ಪಡಿಸಬಹುದು. ಆದರೆ ಅದಕ್ಕೆ ಬಹಳ ವಿದ್ಯುತ್ತು ಬೇಕು. ಕದಡಿದ ನೀರಿಗೆ ಪಟಿಕವನ್ನು ಹಾಕುವಂತೆ ಇಲ್ಲಿಯೂ ಹಾಕಬಹುದು. ಆದರೆ ಅದರ ಲೋಹದ ಅಂಶ ಪಾಚಿಯಲ್ಲಿಯೇ ಉಳಿಯುತ್ತದೆ. ಇಂಧನವನ್ನು ಪಡೆಯಲು ಅಷ್ಟೇ ಇಂಧನ ವೆಚ್ಚವಾದರೆ ಫಲವೇನು?

ಇಲ್ಲಿ ಶಿಲೀಂಧ್ರವು ನೆರವಿಗೆ ಬರುತ್ತದೆ. 2012ರಲ್ಲಿ ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾನಿಲಯದ ಸಂಶೋಧಕರು ಕ್ಲೋರೆಲ್ಲ ಎಂಬ ಪಾಚಿಯೊಡನೆ ಆಸ್ಪರ್‌ಜಿಲಸ್ ನೈಜರ್ ಎಂಬ ಕಪ್ಪು ಬೂಷ್ಟನ್ನು ಬೆಳೆಸಿದರು. ಬೂಷ್ಟಿನ ಬೀಜಕಣಗಳು ಮೊಳೆತು ನೂಲಿನಂತಹ ಎಳೆಗಳಾಗಿ ಹೆಣೆದುಕೊಂಡವು. ತೇಲಾಡುತ್ತಿದ್ದ ಪಾಚಿಕಣಗಳು ಆ ಎಳೆಗಳಿಗೆ ಅಂಟಿಕೊಂಡವು. ಹೀಗೆ ಕಣ್ಣಿಗೆ ಕಾಣುವಷ್ಟು ದೊಡ್ಡ ಹಸಿರು ಉಂಡೆಗಳು ಉಂಟಾದವು. ಇಂತಹ ಉಂಡೆಗಳನ್ನು ಸಾಧಾರಣ ಜರಡಿಯಿಂದಲೇ ಸೋಸಿ ತೆಗೆಯಬಹುದು. ಶಿಲೀಂಧ್ರದ ಮೈಯಲ್ಲಿಯೂ ಕೊಬ್ಬಿನಂಶವಿರುವುದರಿಂದ ಅದೂ ಇಂಧನಕ್ಕೆ ಒದಗುತ್ತದೆ.

ಈ ವಿಧಾನಕ್ಕೆ ತೊಡಕುಗಳೂ ಇವೆ. ಶಿಲೀಂಧ್ರವು ಬಿಸಿಲಿನಿಂದ ಆಹಾರವನ್ನು ತಯಾರಿಸಲಾರದು. ಅದಕ್ಕೆ ಸಕ್ಕರೆಯಂತಹ ಪೋಷಕವನ್ನು ಒದಗಿಸಬೇಕು. ಆಸ್ಪರ್‌ಜಿಲಸ್ ಕುಲದ ಕೆಲವು ಬೂಷ್ಟುಗಳು ಶ್ವಾಸಕೋಶಕ್ಕೆ ರೋಗವನ್ನು ತರುತ್ತವೆ. ಪಾಚಿಯ ಇಂಧನ ಇನ್ನೂ ದುಬಾರಿಯಾಗಿಯೇ ಇದೆ. 2009ರಲ್ಲಿ ಈ ಸಂಶೋಧನೆಗೆ ಹಣ ಹೂಡಿದ ಎಕ್ಸಾನ್‌ಮೊಬಿಲ್ ಕಂಪನಿಯು ಸುಮಾರು ಹದಿಮೂರು ವರ್ಷಗಳ ಬಳಿಕ ಹಿಂದೆ ಸರಿಯಿತು.

ಆದುದರಿಂದ ಕೊಯ್ಲಿನ ವೆಚ್ಚವನ್ನು ತಗ್ಗಿಸುವ ಪ್ರತಿಯೊಂದು ಉಪಾಯಕ್ಕೂ ಬೆಲೆಯಿದೆ. ಬೂಷ್ಟಿಗೆ ಅಗ್ಗದ ತ್ಯಾಜ್ಯವೇ ಆಹಾರವಾಗಿ, ಪಾಚಿಗೆ ಕೊಳೆನೀರೇ ಹೊಲವಾದರೆ, ನೀರು ಶುದ್ಧವಾಗುವುದರೊಡನೆ ಇಂಧನವೂ ದೊರೆತೀತು. ಬರಗಾಲವನ್ನು ಬಲ್ಲ ಸೀಮೆಗೆ ಈ ಎರಡೂ ಬೇಕು. ಬರಿಯ ಬಂಡೆಯ ಮೇಲೆ ಒಂಟಿಯಾಗಿ ಬಾಳಲಾರದ ಜೀವಿಗಳು ಕೂಡಿ ಬಾಳುತ್ತವೆ. ಒಂದರ ಕೊರತೆಯನ್ನು ಇನ್ನೊಂದು ತುಂಬುವ ಆ ನಿಯಮವನ್ನು ಅರಿತು ನಡೆಯುವುದೇ ವಿಜ್ಞಾನದ ಹಾದಿ.