ಕಾಕಂಬಿ ಇಲ್ಲಿ, ಸಂಶೋಧಕರು ಅಲ್ಲಿ

ಕಬ್ಬು ನುರಿಸುವ ಹಂಗಾಮಿನಲ್ಲಿ ಬೈಲಹೊಂಗಲದಿಂದ ಮುನವಳ್ಳಿಯತ್ತ ಹೊರಟವರಿಗೆ, ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರುಗಳ ಸಾಲನ್ನು ದಾಟುವುದೇ ಒಂದು ಸಾಹಸ. ಕಾರ್ಖಾನೆ ಹತ್ತಿರವಾದಂತೆ ಕಾಕಂಬಿಯ ವಾಸನೆ ಮೂಗಿಗೆ ಬಡಿಯುತ್ತದೆ. ಸಕ್ಕರೆ ತೆಗೆದ ಮೇಲೆ ಉಳಿಯುವ ಈ ಕಪ್ಪು ಪಾಕವನ್ನು ತಲೆನೋವೆಂದು ಭಾವಿಸಿದ್ದ ಕಾಲವೊಂದಿತ್ತು. ಈಗ ಅದು ಎಥೆನಾಲಿನ ಮೂಲದ್ರವ್ಯ. ಮುಂದೆ ಅದರಿಂದ ಔಷಧ, ಸುಗಂಧದ್ರವ್ಯ, ಮಣ್ಣಿನಲ್ಲಿ ಕರಗುವ ಪ್ಲಾಸ್ಟಿಕ್ ಸಹ ಹುಟ್ಟಬಹುದು. ಹುಟ್ಟಿಸಬೇಕಾದವರು ವಿಶ್ವವಿದ್ಯಾಲಯಗಳ ಚಯಾಪಚಯ ಎಂಜಿನಿಯರಿಂಗ್ ಪ್ರಯೋಗಾಲಯಗಳಲ್ಲಿ ದುಡಿಯುತ್ತಿರುವ ತರುಣ ತರುಣಿಯರು. ಅವರಲ್ಲಿ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಸೀಮೆಯ ಮಕ್ಕಳೂ ಇದ್ದಾರೆ. ಆದರೆ ಅವರು ಇಲ್ಲಿಲ್ಲ.

ಹೆಸರು ಭಾರವಾದರೂ ಈ ವಿದ್ಯೆಯ ತತ್ವ ನವಿಲುತೀರ್ಥದ ಕಾಲುವೆಗಳನ್ನು ಕಂಡವರಿಗೆ ಅಪರಿಚಿತವಲ್ಲ. ಯೀಸ್ಟಿನ ಜೀವಕೋಶದೊಳಗೆ ಸಕ್ಕರೆಯು ನೂರಾರು ರಾಸಾಯನಿಕ ಕವಲುಗಳಲ್ಲಿ ಹರಿಯುತ್ತದೆ. ಪ್ರತಿ ಕವಲಿಗೂ ಒಂದು ಕಿಣ್ವವೇ ತೂಬು. ವಂಶವಾಹಿಗಳನ್ನು ತಿದ್ದಿ ಬೇಡದ ತೂಬನ್ನು ಮುಚ್ಚಿ, ಬೇಕಾದ ತೂಬನ್ನು ತೆರೆದರೆ ಅದೇ ಯೀಸ್ಟು ಮದ್ಯಸಾರದ ಬದಲು ಇನ್ನೊಂದು ವಸ್ತುವನ್ನು ತಯಾರಿಸುತ್ತದೆ. ಅಮೆರಿಕದ ಜೇಮ್ಸ್ ಬೇಲಿ 1991ರಲ್ಲಿ ‘ಸೈನ್ಸ್’ ಪತ್ರಿಕೆಗೆ ಬರೆದ ಲೇಖನದ ನಂತರ ಈ ಶಾಸ್ತ್ರಕ್ಕೆ ಹೆಸರು ನಿಂತಿತು. ಹೇಳಿದಷ್ಟು ಸುಲಭವಲ್ಲ. ತೂಬನ್ನು ಬಿಗಿದರೆ ಹಿಂದೆ ನೀರು ನಿಂತು ಬೆಳೆ ಕೊಳೆಯುವಂತೆ, ಕೋಶದೊಳಗೂ ಮಧ್ಯದ ಪದಾರ್ಥಗಳು ಸಂಗ್ರಹವಾಗಿ ಜೀವಿಯೇ ಸಾಯುತ್ತದೆ. ಒಂದು ತೂಬು ಹದಕ್ಕೆ ಬರಲು ಒಬ್ಬ ಸಂಶೋಧನಾ ವಿದ್ಯಾರ್ಥಿಯ ಮೂರು ವರ್ಷ ಕಳೆಯುವುದುಂಟು.

ಇಂಥದೊಂದು ಪ್ರಯೋಗಾಲಯವನ್ನು ಪರಿಚಿತ ಪ್ರಾಧ್ಯಾಪಕರೊಬ್ಬರ ಆಹ್ವಾನದ ಮೇರೆಗೆ ಕಾಣುವ ಅವಕಾಶ ನನಗೆ ದೊರೆಯಿತು. ಯಾವ ವಿಶ್ವವಿದ್ಯಾಲಯ ಎಂಬುದು ಇಲ್ಲಿ ಮುಖ್ಯವಲ್ಲ. ಯಂತ್ರಗಳಿಗಿಂತ ಹೆಚ್ಚಾಗಿ ನನ್ನ ಮನಸ್ಸಿನಲ್ಲಿ ಉಳಿದವರು ಅಲ್ಲಿಯ ಜನ. ಒಬ್ಬರು ಪ್ರಾಧ್ಯಾಪಕರು, ನಾಲ್ವರು ಸಂಶೋಧನಾ ವಿದ್ಯಾರ್ಥಿಗಳು, ವರ್ಷವರ್ಷಕ್ಕೂ ನವೀಕರಣಗೊಳ್ಳುವ ಗುತ್ತಿಗೆಯ ಒಬ್ಬ ಯೋಜನಾ ಸಹಾಯಕ, ಮತ್ತು ಗಾಜಿನ ಪಾತ್ರೆಗಳನ್ನು ತೊಳೆದು ಆಟೋಕ್ಲೇವ್ ನೋಡಿಕೊಳ್ಳುವ ಹಿರಿಯರೊಬ್ಬರು. ಯಾವ ಫ್ಲಾಸ್ಕ್ ಸರಿಯಾಗಿ ಶುದ್ಧವಾಗಿಲ್ಲ ಎಂಬುದು ಪ್ರಾಧ್ಯಾಪಕರಿಗಿಂತ ಮೊದಲು ಈ ಹಿರಿಯರಿಗೆ ತಿಳಿಯುತ್ತದಂತೆ! ಸವದತ್ತಿ ತಾಲ್ಲೂಕಿನ ರೈತರೊಬ್ಬರ ಮಗಳು ಎರಡು ತಾಸಿಗೊಮ್ಮೆ ಹುದುಗಿನ ಮಾದರಿ ತೆಗೆಯುತ್ತ ರಾತ್ರಿಯಿಡೀ ಎಚ್ಚರವಿದ್ದರು. ಎಮ್ಮೆಗೂ ಯೀಸ್ಟಿಗೂ ಹೆಚ್ಚು ವ್ಯತ್ಯಾಸವಿಲ್ಲ, ಹೊತ್ತಿಗೆ ಸರಿಯಾಗಿ ಮೇವು ಬೀಳಬೇಕು ಎಂದು ನಕ್ಕರು. ಅವರ ಶಿಷ್ಯವೇತನ ಮಾತ್ರ ಹೊತ್ತಿಗೆ ಸರಿಯಾಗಿ ಬೀಳುತ್ತಿರಲಿಲ್ಲ.

ಕೇಂದ್ರ ಸರ್ಕಾರ 2023ರಲ್ಲಿ ಕಿರಿಯ ಸಂಶೋಧಕರ ಶಿಷ್ಯವೇತನವನ್ನು ತಿಂಗಳಿಗೆ 31,000ದಿಂದ 37,000 ರೂಪಾಯಿಗೆ ಏರಿಸಿದ್ದು ಸ್ವಾಗತಾರ್ಹವೇ. ಮೊತ್ತಕ್ಕಿಂತ ದೊಡ್ಡ ಪ್ರಶ್ನೆ ಅದು ಕೈಗೆ ಬರುವ ದಿನಾಂಕದ್ದು. ಕಳೆದ ಕಂತಿನ ಬಳಕೆ ಪ್ರಮಾಣಪತ್ರ ಬಾರದೆ ಮುಂದಿನ ಕಂತಿಲ್ಲ ಎಂಬುದು ನಿಯಮ. ಸೇವೆಯಲ್ಲಿದ್ದಾಗ ಇಂಥ ಕಡತಗಳ ಮೇಲೆ ‘ಚರ್ಚಿಸಿ’ ಎಂದು ಬರೆದು ನಾನೂ ಹಿಂದಿರುಗಿಸಿದ್ದೇನೆ. ಆ ಒಂದು ಪದದಿಂದ ಯಾರದೋ ಮೂರು ತಿಂಗಳ ಮೆಸ್ ಬಿಲ್ಲು ಬಾಕಿ ಉಳಿಯುತ್ತದೆಂದು ಆಗ ಹೊಳೆದಿರಲಿಲ್ಲ.

ಈ ಕ್ಷೇತ್ರದ ಅತ್ಯಂತ ಪ್ರಸಿದ್ಧ ಪ್ರಯೋಗಾಲಯದ ಕಥೆಯೂ ಒಬ್ಬ ರೈತನ ಮಗನಿಂದಲೇ ಆರಂಭವಾಗುತ್ತದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಕೇಂದ್ರದ ಜೇ ಕೀಸ್ಲಿಂಗ್ ಬೆಳೆದದ್ದು ನೆಬ್ರಾಸ್ಕದ ಮೆಕ್ಕೆಜೋಳ, ಸೋಯಾ ಹೊಲದಲ್ಲಿ. ಮಲೇರಿಯಾ ಔಷಧವಾದ ಆರ್ಟೆಮಿಸಿನಿನ್‌ಗೆ ಬೇಕಾದ ಆಮ್ಲವನ್ನು ಅವರ ತಂಡ 2006ರಲ್ಲಿ ಯೀಸ್ಟಿನಿಂದ ಪಡೆಯಿತು. 2013ರಲ್ಲಿ ಸನೋಫಿ ಕಂಪನಿ ಇಟಲಿಯಲ್ಲಿ ಅದರ ಉತ್ಪಾದನೆ ಆರಂಭಿಸಿತು. ಎರಡೇ ವರ್ಷಗಳಲ್ಲಿ, ಅಂದರೆ 2015ರಲ್ಲಿ, ಉತ್ಪಾದನೆ ಶೂನ್ಯ! ಗಿಡದಿಂದ ತೆಗೆದ ಔಷಧದ ಬೆಲೆ ಕಿಲೋಗೆ 250 ಡಾಲರ್‌ಗಿಂತ ಕೆಳಗಿಳಿದಿತ್ತು. ಯೀಸ್ಟಿನದು 350ಕ್ಕಿಂತ ಮೇಲಿತ್ತು. ಅದೇ ಪ್ರಯೋಗಾಲಯದ ತರುಣರು ಕೀಸ್ಲಿಂಗ್ ಜೊತೆಗೂಡಿ 2003ರಲ್ಲಿ ಕಟ್ಟಿದ ಅಮಿರಿಸ್ ಕಂಪನಿ, ಅಗ್ಗದ ಸಕ್ಕರೆಯನ್ನು ಹುಡುಕಿಕೊಂಡು ಬ್ರೆಜಿಲ್‌ಗೆ ಹೋಯಿತು. ಬ್ರೋಟಾಸ್ ಎಂಬಲ್ಲಿ ಕಬ್ಬಿನ ಕಾರ್ಖಾನೆಯ ಪಕ್ಕದಲ್ಲೇ ತನ್ನ ಘಟಕವನ್ನು ಕಟ್ಟಿತು. 2023ರ ಆಗಸ್ಟ್‌ನಲ್ಲಿ ಅದೂ ದಿವಾಳಿ ರಕ್ಷಣೆಗೆ ಅರ್ಜಿ ಹಾಕಿತು. ಆದ್ದರಿಂದ ಈ ವಿದ್ಯೆ ಬಂದೊಡನೆ ನಮ್ಮ ಬಡತನ ಹಿಂಗುತ್ತದೆಂದು ಹೇಳುವವರನ್ನು ನಾನು ನಂಬುವುದಿಲ್ಲ. ಅರ್ಥಶಾಸ್ತ್ರ ಓದಿದವನಿಗೆ ಇಷ್ಟು ಸಂದೇಹ ಸಹಜ. ಆದರೂ ಸಕ್ಕರೆ ಇರುವಲ್ಲಿಗೆ ಪ್ರಯೋಗಾಲಯ ಬರಬೇಕೆಂಬ ಅವರ ಲೆಕ್ಕ ತಪ್ಪಾಗಿರಲಿಲ್ಲ.

ನಮ್ಮ ಕಾರ್ಖಾನೆಗಳು ಇಂದು ಸಕ್ಕರೆಯ ಜೊತೆಗೆ ಮುಖ್ಯವಾಗಿ ಎಥೆನಾಲನ್ನು ನೆಚ್ಚಿಕೊಂಡಿವೆ. 2023ರ ಡಿಸೆಂಬರ್‌ನಲ್ಲಿ ಕಬ್ಬಿನ ರಸದಿಂದ ಎಥೆನಾಲ್ ತಯಾರಿಕೆಗೆ ಕೇಂದ್ರ ಕಡಿವಾಣ ಹಾಕಿದಾಗ, ಒಂದೇ ಉತ್ಪನ್ನವನ್ನು ನೆಚ್ಚಿದವರ ಪಾಡು ಬಯಲಾಯಿತು. 2025ರ ನವೆಂಬರ್‌ನಲ್ಲಿ ಗುರ್ಲಾಪುರ ಕ್ರಾಸಿನಲ್ಲಿ ಕುಳಿತ ನಮ್ಮ ಜಿಲ್ಲೆಯ ರೈತರು ಟನ್ನಿಗೆ 3,500 ರೂಪಾಯಿ ಕೇಳಿ 3,300ಕ್ಕೆ ಒಪ್ಪಿದರು. ಹೆಚ್ಚು ಮೌಲ್ಯದ ವಸ್ತುವೊಂದು ಕಾಕಂಬಿಯಿಂದ ಹೊರಬಂದರೆ ಈ ರೈತನಿಗೆ ಎಷ್ಟು ಸಿಗುತ್ತದೆ? 2012ರ ರಂಗರಾಜನ್ ಸಮಿತಿ ಸಕ್ಕರೆ, ಸಿಪ್ಪೆ, ಕಾಕಂಬಿ, ಪ್ರೆಸ್‌ಮಡ್‌ಗಳ ಮೌಲ್ಯದಲ್ಲಿ ಶೇ 70ರಷ್ಟು ಬೆಳೆಗಾರನಿಗೆ ಸಲ್ಲಬೇಕೆಂದಿತು. ಕಾಕಂಬಿಯ ನಂತರ ಯೀಸ್ಟು ಸೃಷ್ಟಿಸುವ ಮೌಲ್ಯ ಆ ಸೂತ್ರದ ಹೊರಗೇ ಉಳಿಯಿತು. ಪ್ರಯೋಗಾಲಯ ಕಟ್ಟುವ ಮುನ್ನವೇ ಈ ಸೂತ್ರವನ್ನು ತಿದ್ದಬೇಕು.

ಕಟ್ಟುವುದು ಎಲ್ಲಿ? ಬೆಳಗಾವಿಯಲ್ಲಿ ಎಸ್. ನಿಜಲಿಂಗಪ್ಪ ಸಕ್ಕರೆ ಸಂಸ್ಥೆ ಇದೆ. ಕಿತ್ತೂರು ರಾಣಿಯ ಹೆಸರಿನ ವಿಶ್ವವಿದ್ಯಾಲಯ 2010ರಿಂದ ಇದೆ. ಎರಡೂ ಕೂಡಿ ಹತ್ತು ಕಾಯಂ ಹುದ್ದೆಗಳ ಹುದುಗುವಿಕೆ ಪ್ರಯೋಗಾಲಯವೊಂದನ್ನು ಆರಂಭಿಸಬಹುದು. 2024ರ ಆಗಸ್ಟ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಬಯೋಇ3 ನೀತಿಯ ಅಡಿಯಲ್ಲಿ ನೆರವನ್ನೂ ಕೇಳಬಹುದು. ಹತ್ತಿರದ ಸಂಶೋಧನೆಯ ಫಲವನ್ನು ಈ ನೆಲ ಕಂಡಿಲ್ಲವೆಂದೇನೂ ಅಲ್ಲ. ಡಾ. ಬಿ.ಎಚ್. ಕಾತರಕಿ ಧಾರವಾಡದಲ್ಲಿ 1972ರಲ್ಲಿ ವರಲಕ್ಷ್ಮಿ ಹತ್ತಿಯನ್ನು ರೂಪಿಸಿದರು. ಆಮೇಲೆ ಬಂದ ಡಿಸಿಎಚ್ ಹತ್ತಿಯ ಹೆಸರನ್ನು ಈ ಭಾಗದ ಹಿರಿಯ ರೈತರು ಇಂದಿಗೂ ಹೇಳುತ್ತಾರೆ. ಹೊಲಕ್ಕೂ ಪ್ರಯೋಗಾಲಯಕ್ಕೂ ಆಗ ಒಂದು ಬಸ್ಸಿನ ದೂರವಿತ್ತು.

ಪ್ರಬಂಧ ಸಲ್ಲಿಸಿದ ಮೇಲೆ ಎಲ್ಲಿಗೆ ಹೋಗುವಿರಿ ಎಂದು ಸವದತ್ತಿ ಕಡೆಯ ಆ ತರುಣಿಯನ್ನು ಕೇಳಿದೆ. ಪುಣೆಗೊಂದು, ಡೆನ್ಮಾರ್ಕಿಗೊಂದು ಅರ್ಜಿ ಹಾಕಿರುವುದಾಗಿ ಹೇಳಿದರು. ಬೆಳಗಾವಿಗೆ? ಅಲ್ಲಿ ಅರ್ಜಿ ಕರದಿಲ್ರಿ ಸರ್, ಎಂದರು.